ಗೌರಕ್ಕನ ದೋಣಿಗೆ ಒಂದು ಬ್ಯಾಟರಿ

ಕಾರ್ತಿಕದ ಒಂದು ಬೆಳಿಗ್ಗೆ ಆರೂವರೆಗೆ ಚಿಕ್ಕನಾಯಕನಹಳ್ಳಿಯಲ್ಲಿ ತಿಪಟೂರು ಬಸ್ಸು ಹತ್ತಿದೆ. ಕೈಯಲ್ಲಿ ಸ್ಪ್ಯಾನರ್ ಚೀಲ, ಮೈಮೇಲೆ ಸ್ವೆಟರು, ತಲೆಯಲ್ಲಿ ಬೇಕಾದಷ್ಟು ಜಂಬ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಮತ್ತೆ ತಂತಿ ಸುತ್ತಿ ಓಡಿಸುವುದರಲ್ಲಿ ಮೂವತ್ತು ವರ್ಷ ಸವೆಸಿದವನು ನಾನು. ಹಿಂದಿನ ದಿನ ನಮ್ಮ ಗೌರಕ್ಕ ಫೋನ್ ಮಾಡಿ, "ಲೋ ಶಿವು, ದೋಣಿ ಮೋಟರು ಬರೀ ಟಿಕ್ ಟಿಕ್ ಅಂತದೆ, ಎದ್ದೇಳಂಗಿಲ್ಲ ಕಣ್ಲಾ" ಎಂದಿದ್ದಳು. "ಬೋರಿಂದಾದ್ರೇನು, ದೋಣಿದಾದ್ರೇನು, ಮೋಟರು ಮೋಟರೇ. ಬತ್ತೀನಿ ಬುಡು" ಎಂದಿದ್ದೆ.

ಅಕ್ಕನ ಊರು ನೊಣವಿನಕೆರೆ ದಾಟಿ ತುರುವೇಕೆರೆಗೆ ಹೋಗುವ ದಾರಿಯಲ್ಲಿದೆ. ಮನೆ ಮುಂದೆ ಕೆರೆ, ಕೆರೆಯಾಚೆ ಅವಳ ತೆಂಗಿನ ತೋಟ. ನಾನು ಕಂಡಾಗಿನಿಂದ ಆ ಕೆರೆಯಲ್ಲಿ ನೀರಿಗಿಂತ ಜಾಲಿಯೇ ಹೆಚ್ಚು. ಅಂಗಳ ದಾಟಿದಂತೆ ದಾಟಿ ತೋಟಕ್ಕೆ ಹೋಗಿಬರುತ್ತಿದ್ದಳು. ನಾಲೆ ನೀರು ಹರಿದು ಕೆರೆ ತುಂಬಿದಾಗ ಊರೆಲ್ಲ ಕುಣಿದಾಡಿತು, ಅಕ್ಕನ ದಾರಿ ಮುಳುಗಿಹೋಯಿತು. ಸುತ್ತಿಕೊಂಡು ಹೋದರೆ ಒಂಬತ್ತು ಕಿಲೋಮೀಟರ್. ಮಂಡಿನೋವಿನಿಂದಾಗಿ ಬೈಕಿನ ಹಿಂದೆ ಕೂರಲಾರಳು. ತೋಟದ ಮುಖ ನೋಡಿ ಎಂಟು ತಿಂಗಳಾಗಿತ್ತು.

ಭಾವ ಬೇಸತ್ತು, ತೋಟವನ್ನು ಐದು ವರ್ಷ ಗುತ್ತಿಗೆಗೆ ಕೊಡಲು ನಂಜಪ್ಪ ಎಂಬವರನ್ನು ಗೊತ್ತು ಮಾಡಿದ್ದರು. ಅಕ್ಕ ಸುತರಾಂ ಒಪ್ಪದೆ, ಹೇಮಾವತಿ ಹಿನ್ನೀರಿನ ಕಡೆಯ ಮೀನುಗಾರನೊಬ್ಬನಿಂದ ಹಳೆಯ ಫೈಬರ್ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಪುಟ್ಟ ಪೆಟ್ರೋಲ್ ಮೋಟರನ್ನೂ ತರಿಸಿದ್ದಳು. ಆ ದಿನ ನಾಲ್ಕು ಗಂಟೆಗೆ ನಂಜಪ್ಪ ಕರಾರು ಪತ್ರ ಹಿಡಿದು ಬರುವವರಿದ್ದರು. ಅಷ್ಟರೊಳಗೆ ದೋಣಿ ಹೊರಟರೆ ತೋಟ ತನ್ನದು, ಇಲ್ಲದಿದ್ದರೆ ಸೈನು ಹಾಕುತ್ತೇನೆ ಎಂದು ಅಕ್ಕ ಮಾತು ಕೊಟ್ಟುಬಿಟ್ಟಿದ್ದಳು.

ತಿಪಟೂರಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ಚಟ್ನಿಗೆ ಕಾಯಿ ಹಾಕುವುದರಲ್ಲಿ ಆ ಊರಿನವರು ಕೈ ಬಿಗಿ ಹಿಡಿಯುವುದಿಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಬ್ಯಾಟರಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಭಾವನ ಫೋನು. "ನೋಡಪ್ಪ, ಎತ್ತಿ ನೋಡಿ ತಗೋ. ಭಾರ ಇದ್ರೇನೇ ದಮ್ಮು." ತೆಂಗಿನಕಾಯಿಯನ್ನು ಅಂಗೈಯಲ್ಲಿ ತೂಗಿ ಒಳಗಿನದನ್ನು ಹೇಳುವ ಮನುಷ್ಯ. ಅದೇ ಲೆಕ್ಕದಲ್ಲಿ ಮನೆಯ ಇನ್ವರ್ಟರಿನ ಹಳೆ ಬ್ಯಾಟರಿಯನ್ನು ಇಬ್ಬರಾಳಿನ ಕೈಲಿ ದೋಣಿಗೆ ಹೊರಿಸಿದ್ದರು. ದೋಣಿಯ ಹಿಂಭಾಗ ಕುಸಿಯಿತು, ಮೋಟರು ಟಿಕ್ ಟಿಕ್ ಎಂದಿತು, ಮನೆಯಲ್ಲಿ ಕರೆಂಟು ಹೋದಾಗ ಕತ್ತಲೆಯೂ ಆಯಿತು.

ಅಂಗಡಿಯವರು ಕೇಳಿ ನಕ್ಕರು. "ಇನ್ವರ್ಟರಿಂದು ಸಣ್ಣಗೆ ರಾತ್ರಿಯೆಲ್ಲ ಕೊಡೋಕೆ ಕಣ್ರೀ. ಸ್ಟಾರ್ಟ್ ಮಾಡೋಕೆ ಒಂದೇ ಏಟಿಗೆ ಜೋರಾಗಿ ಕೊಡ್ಬೇಕು. ಸಣ್ಣ ಕಾರಿಂದು ಸಾಕು. ದೋಣಿ ಓಲಾಡ್ತದೆ, ಆಸಿಡ್ ಚೆಲ್ಲದಂಗೆ ಮುಚ್ಚಿರೋದು ತಗೊಳಿ." ಹನ್ನೆರಡು ಕೆಜಿ ತೂಕದ ಅಂಥದ್ದೊಂದನ್ನು ನಾಲ್ಕು ಸಾವಿರದ ಇನ್ನೂರಕ್ಕೆ ಕೊಟ್ಟರು. ಈ ವಿದ್ಯೆ ನನಗೂ ಗೊತ್ತಿತ್ತು ಎಂಬಂತೆ ತಲೆ ಆಡಿಸಿದೆ.

ತುರುವೇಕೆರೆ ಬಸ್ಸಿನಲ್ಲಿ ಹೆಂಗಸರೇ ತುಂಬಿದ್ದರು. ಕಂಡಕ್ಟರು ಬ್ಯಾಟರಿಗೂ ಅರ್ಧ ಟಿಕೆಟ್ ಹರಿದರು. ಪಕ್ಕದ ಸೀಟಿನ ಅಜ್ಜಿ, "ನಮ್ಗೆಲ್ಲ ಫ್ರೀ, ಅದಕ್ಕೆ ಟಿಕೇಟಾ? ಗಂಡು ಬ್ಯಾಟ್ರಿ ಇರ್ಬೇಕು ಬುಡು" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನೊಣವಿನಕೆರೆಯಿಂದಾಚೆ ಎರಡೂ ಕಡೆ ತೋಟಗಳು, ಹಿತವಾದ ಬಿಸಿಲು, ಗಾಳಿಯಲ್ಲಿ ಹಸಿ ಮಟ್ಟೆಯ ವಾಸನೆ. ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಾಯಾಗಿದ್ದೆ.

ಹನ್ನೊಂದಕ್ಕೆ ಇಳಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸೊಂಟದಲ್ಲಿ ಎಂದಿನ ಬೀಗದಕೈ ಗೊಂಚಲು, ಈ ಸಲ ಹೊಸದೊಂದು ಕೆಂಪು ಸುರುಳಿ ದಾರದಲ್ಲಿ. ಮದುವೆಯಾಗಿ ನಲವತ್ತು ವರ್ಷವಾದರೂ ಭಾವ ಆ ಗೊಂಚಲನ್ನು ಮುಟ್ಟಿದ್ದು ನಾನು ಕಂಡಿಲ್ಲ. ಮುದ್ದೆ, ಹುರುಳಿಕಾಳು ಸಾರು ಉಂಡು ಕೆರೆಗಿಳಿದೆವು. ಭಾವ ಬ್ಯಾಟರಿಯನ್ನು ಒಂದು ಕೈಯಲ್ಲಿ ಎತ್ತಿ, "ಇದೇನಪ್ಪ, ಜೊಳ್ಳು ಕಾಯಿ ಇದ್ದಂಗೈತೆ" ಎಂದು ಮುಖ ಸಿಂಡರಿಸಿದರು.

ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಪೆಟ್ರೋಲ್ ಕೊಳವೆಯ ನಡುವಿನ ರಬ್ಬರು ಉಂಡೆಯನ್ನು ಗಟ್ಟಿಯಾಗುವವರೆಗೂ ಹಿಸುಕಿದೆ. ಗೇರು ನಡುವೆ, ಚೋಕು ಹೊರಗೆ. ಮೋಟರಿನ ಬಾಲ ನೀರಲ್ಲಿದೆಯೆಂದು ನೋಡಿ ಗುಂಡಿ ಒತ್ತಿದೆ. ಅಬ್ಬಾ, ಎಂಥ ಜೋರು! ಗರಗರ ತಿರುಗಿತು. ಆದರೆ ಹೊತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದೆ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದೆ, ಪೆಟ್ರೋಲ್ ಬದಲಿಸಿದೆ. ಗಂಟೆ ಎರಡಾಯಿತು, ಮೂರಾಯಿತು. "ಆ ಮಾರಿದವನಿಗೆ ಒಂದು ಫೋನ್ ಮಾಡೋ" ಎಂದಳು ಅಕ್ಕ. "ಮೀನು ಹಿಡಿಯೋನು ನನಗೆ ಮೋಟರು ಹೇಳ್ಕೊಡ್ತಾನಾ?" ಎಂದು ರೇಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರೂಮುಕ್ಕಾಲಿಗೆ ನಂಜಪ್ಪ ಬಂದೇಬಿಟ್ಟರು. ಕೆಟ್ಟ ಮನುಷ್ಯರೇನಲ್ಲ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕುಳಿತು, "ನಿಧಾನವಾಗಿ ಆಗಲಿ ಬುಡಿ" ಎಂದು ಎಲೆಯಡಿಕೆ ಹಾಕಿಕೊಂಡರು. ಅಕ್ಕ ಆಚೆ ದಡವನ್ನೇ ನೋಡುತ್ತಿದ್ದಳು. "ಮದ್ವೆಯಾಗಿ ಬಂದ ವರ್ಷ ನೆಟ್ಟ ಸಸಿ ಕಣೋ ಶಿವು. ಕಂಕುಳಲ್ಲಿ ಕೊಡ ಇಟ್ಕಂಡು ನೀರು ಹುಯ್ದಿದ್ದೀನಿ" ಎಂದಳು. ದನಿ ಒಡೆಯಿತು. ಮೂವತ್ತು ವರ್ಷದ ಜಂಬವನ್ನು ಕೆರೆಗೆ ಹಾಕಿ ಮೀನುಗಾರನ ನಂಬರು ಒತ್ತಿ ಸ್ಪೀಕರಿಗೆ ಹಾಕಿದೆ.

ಅವನು ಮೊದಲು ಕೇಳಿದ್ದೇ, "ಅಣ್ಣಾ, ಕೆಂಪು ದಾರ ಸಿಕ್ಸಿದ್ದೀರಾ? ಅಮ್ಮನ ಕೈಗೇ ಕೊಟ್ಟಿದ್ನಲ್ಲ. ಅದರ ಕ್ಲಿಪ್ಪು ಸ್ವಿಚ್ಚಿನ ಕೆಳಗೆ ಕೂತ್ರೇನೇ ಕಿಡಿ ಬರೋದು. ಇನ್ನೊಂದು ತುದಿ ಓಡ್ಸೋರ ಸೊಂಟಕ್ಕೆ ಕಟ್ಬೇಕು. ಅವ್ರು ನೀರಿಗೆ ಬಿದ್ರೆ ಕ್ಲಿಪ್ಪು ಕಿತ್ಕಂಡು ಮೋಟರು ನಿಂತೋಯ್ತದೆ."

ಎಲ್ಲರ ಕಣ್ಣೂ ಅಕ್ಕನ ಸೊಂಟದ ಮೇಲೆ ಬಿತ್ತು. ಅಕ್ಕ ಗೊಂಚಲನ್ನು ಹಿಡಿದುಕೊಂಡಳು. "ಕಳ್ಕಬೇಡಿ ಅಂದಿದ್ದ ಕಣ್ಲಾ. ಅದಕ್ಕೇ ನಾನು ಎಂದೂ ಕಳ್ಕಳ್ದಿರೋ ಕಡೆ ಹಾಕ್ಕಂಡೆ!"

ನಂಜಪ್ಪನವರೇ ಮೊದಲು ನಕ್ಕಿದ್ದು. ನಾನು ದಾರಕ್ಕೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. "ಓಡ್ಸೋರ ಸೊಂಟಕ್ಕೆ ಅಂದ್ನಲ್ಲ. ಓಡ್ಸೋಳು ನಾನು." ಬೀಗದಕೈಗಳನ್ನು ದಾರದಿಂದ ಒಂದೊಂದಾಗಿ ಬಿಡಿಸಿ ಭಾವನ ಅಂಗೈಗೆ ಸುರಿದಳು. "ಇವು ಇನ್ಮೇಲೆ ನಿಮ್ಮತ್ರ ಇರ್ಲಿ ಕಣ್ರೀ. ಈ ದಾರ ನನಗೆ ಬೇಕು."

ಕ್ಲಿಪ್ಪು ಟಕ್ಕೆಂದು ಕೂತಿತು. ಅಕ್ಕ ಗುಂಡಿ ಒತ್ತಿದಳು. ಒಂದೇ ಏಟಿಗೆ ಮೋಟರು ಬುರ್ರೆಂದು ಎದ್ದಿತು. ಬಿದ್ದರೆ ತೇಲಲೆಂದು ಲಾರಿ ಟ್ಯೂಬು ಹಿಡಿದು ಪಕ್ಕದಲ್ಲಿ ಕುಳಿತು ನಾನು ಮೋಟರಿನ ಹಿಡಿ ತಿರುಗಿಸುವುದನ್ನು ತೋರಿಸಿದೆ. ಎಡಕ್ಕೆ ಎಳೆದರೆ ದೋಣಿ ಬಲಕ್ಕೆ ಹೋಗುತ್ತದೆಂಬುದನ್ನು ಅವಳು ನನಗಿಂತ ಬೇಗ ಕಲಿತಳು. ಎಂಟು ತಿಂಗಳ ದೂರ ಆರು ನಿಮಿಷಕ್ಕೆ ಮುಗಿಯಿತು. ತೋಟದಲ್ಲಿ ಉದುರಿದ ಕಾಯಿಗಳು ಬಿದ್ದಲ್ಲೇ ಮೊಳೆತಿದ್ದವು. ಅಕ್ಕ ಮರಗಳನ್ನು ಮುಟ್ಟಿ ಮುಟ್ಟಿ ಮಾತಾಡಿಸಿದಳು, ಕಣ್ಣೊರೆಸಿಕೊಂಡಳು, ಕಳೆ ಕೀಳದ ಆಳುಗಳಿಗೆ ಚೆನ್ನಾಗಿ ಬೈದಳು. ಮೊಳೆತ ಕಾಯೊಂದನ್ನು ಒಡೆದು ಒಳಗಿನ ಬೆಳ್ಳನೆ ಉಂಡೆಯನ್ನು ನನ್ನ ಬಾಯಿಗಿಟ್ಟಳು. ಅಷ್ಟು ಸಿಹಿ ತಿಂದು ಬಹಳ ಕಾಲವಾಗಿತ್ತು.

ವಾಪಸು ಬಂದಾಗ ನಂಜಪ್ಪ ಕರಾರು ಪತ್ರ ಮಡಿಸಿ ಜೇಬಿಗಿಟ್ಟುಕೊಂಡಿದ್ದರು. "ಕಾಯಿ ಕೆಡವೋ ದಿನ ಹೇಳ್ಕಳಿಸಿ ಕಣಮ್ಮ, ನಾನೇ ಕೊಂಡ್ಕತೀನಿ" ಎಂದು ಬೈಕು ಹತ್ತಿದರು.

ಐದೂವರೆಗೆ ಏರಿಯ ಮೇಲೆ ಬಸ್ಸಿಗೆ ಕಾಯುತ್ತ ನಿಂತೆ. ಕೆಳಗೆ ಅಕ್ಕ ದಡದ ಅಂಚಿನಲ್ಲೇ ಇನ್ನೊಂದು ಸುತ್ತು ಹೊಡೆಯುತ್ತಿದ್ದಳು. ಅವಳ ಸೊಂಟದಿಂದ ಮೋಟರಿಗೆ ಕೆಂಪು ದಾರ ಕಾಣುತ್ತಿತ್ತು. ಬಸ್ಸು ಬಂತು, ಕಿಟಕಿ ಪಕ್ಕ ಕುಳಿತು ತಿರುಗಿ ನೋಡಿದೆ. ಭಾವ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಗೊಂಚಲಿನ ಬೀಗದಕೈಗಳನ್ನು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡುತ್ತಿದ್ದರು. ಅಕ್ಕ ಮೋಟರು ಸಣ್ಣಗೆ ಮಾಡಿ ದೋಣಿಯಿಂದಲೇ ಕೂಗಿದಳು: "ಹಿತ್ತಾಳೇದು ಕಣ್ರೀ, ಹಿತ್ತಾಳೇದು!"