ಅಮ್ಮನಿಗೆಂದು ತಂದ ಸಾವಯವ ಅಕ್ಕಿ

ಜೂನ್ ಎರಡನೇ ವಾರದಿಂದ ನನ್ನ ಡೈರಿಯಲ್ಲಿ ಎರಡೇ ವಿಷಯ: ಅಮ್ಮ ಎಷ್ಟು ತುತ್ತು ಉಂಡಳು, ನಾನು ಯಾವ ಅಂಗಡಿಗೆ ಹೋದೆ. ಆಸ್ಪತ್ರೆಯಲ್ಲಿ ಮೊದಲ ಸಲ ಕ್ಯಾನ್ಸರಿನ ಔಷಧಿ ಏರಿಸಿದ ಮೇಲೆ ಅಮ್ಮನ ನಾಲಿಗೆಗೆ ಎಲ್ಲವೂ ಕಬ್ಬಿಣದ ರುಚಿಯಾಯಿತು. ಡಾಕ್ಟರು ಹೆಚ್ಚು ಮಾತಿನವರಲ್ಲ. "ತೂಕ ಇಳಿಯಬಾರದು. ಇಳಿದರೆ ಮುಂದಿನ ಡೋಸ್ ಕೊಡ್ಲಿಕ್ಕೆ ಆಗುದಿಲ್ಲ" ಎಂದಷ್ಟೇ ಹೇಳಿದ್ದರು. ಸಾವಯವದ ಮಾತನ್ನು ಅವರು ಎತ್ತಿರಲಿಲ್ಲ. ಅದು ನಾನೇ ಹಿಡಿದ ದಾರಿ. ಔಷಧಿ ಅವರ ಕೈಯಲ್ಲಿತ್ತು, ರೋಗ ಯಾರ ಕೈಯಲ್ಲೂ ಇರಲಿಲ್ಲ. ನನ್ನ ಕೈಗೆ ಉಳಿದದ್ದು ತರಕಾರಿಯ ಚೀಲ.

ನನ್ನ ಆಫೀಸು ಕೊಟ್ಟಾರದಲ್ಲಿ. ಸಂಜೆ ಬಿಜೈಯ ಮನೆಗೆ ಹೊರಡುವ ಮೊದಲು ಹೆದ್ದಾರಿಗೆ ಮುಖ ಮಾಡಿದ ಒಂದು ಸಾವಯವ ಅಂಗಡಿಗೆ ಹೋಗುತ್ತಿದ್ದೆ. ಗಾಜಿನ ಬಾಗಿಲು, ಎ.ಸಿ., ಬಿದಿರಿನ ಬುಟ್ಟಿಯೊಳಗೆ ಪ್ಲಾಸ್ಟಿಕ್ ಪೊಟ್ಟಣ. ಅಲ್ಲಿಯ ತೊಂಡೆಕಾಯಿಗಳೆಲ್ಲ ಒಂದೇ ಉದ್ದ ಇರುವುದನ್ನು ಕಂಡು ನನಗೆ ಅನುಮಾನ ಶುರುವಾಯಿತು. ಆಮೇಲೆ ಭಾನುವಾರ ಬೆಳಿಗ್ಗೆ ಕೃಷಿಕರೇ ತಂದು ಮಾರುವ ಸಂತೆ ಹಿಡಿದೆ. ಅಲ್ಲಿ ಅಲಸಂಡೆಯಲ್ಲಿ ತೂತು ಕಂಡರೆ ನನಗೆ ಸಮಾಧಾನ. ಹುಳ ತಿಂದು ಬದುಕಿದ್ದನ್ನು ಅಮ್ಮನೂ ತಿನ್ನಬಹುದು ಎಂಬ ಲೆಕ್ಕ.

ಹರಿವೆ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಒಮ್ಮೆ ಕೇಳಿದೆ, "ಇದಕ್ಕೆ ಎಂತ ಹಾಕ್ತೀರಿ?"

"ಎಂತ ಹಾಕುದು? ಸೆಗಣಿ, ಬೂದಿ."

"ಸರ್ಟಿಫಿಕೇಟ್ ಉಂಟಾ?"

"ನನ್ನ ಗಂಡನಿಗೇ ಇಲ್ಲ ಮಾರಾಯ್ತಿ ಸರ್ಟಿಫಿಕೇಟ್, ಹರಿವೆಗೆ ಎಲ್ಲಿಂದ ತರ್ಲಿ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕು ಎರಡು ಕಟ್ಟು ತೆಗೆದುಕೊಂಡೆ. ಮನೆಯಲ್ಲಿ ಅಮ್ಮ ಆ ಪಲ್ಯವನ್ನು ಬೆರಳಲ್ಲಿ ಮುಟ್ಟಿ, "ಚೆಂದ ಆಗಿದೆ ಮಗಾ" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಬಾಯಿಗೆ ಹಾಕಿರಲೇ ಇಲ್ಲ.

ಆಕೆಯ ಗಂಟಲಲ್ಲಿ ಇಳಿಯುತ್ತಿದ್ದದ್ದು ಒಂದೇ, ಅಪ್ಪ ಮಧ್ಯಾಹ್ನ ತರುವ ನೈವೇದ್ಯದ ಅನ್ನ. ಅಪ್ಪ ಮನೆಗೆ ಹತ್ತಿರದ ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ಪೂಜೆ ಮುಗಿಸಿ ಹಿತ್ತಾಳೆಯ ತಪಲೆಯಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ತರುತ್ತಾರೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಮೇಲೊಂದು ತುಳಸಿ ಎಲೆ. ನನಗೆ ರಜೆಯಿದ್ದ ಒಂದು ಶುಕ್ರವಾರ ಅಮ್ಮ ಅದರಲ್ಲಿ ನಾಲ್ಕು ತುತ್ತು ಉಂಡಳು. ಅಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅವಳು ತಲೆ ಎತ್ತಿದಾಗ ಒಣಗಿದ ವಸ್ತ್ರ ತೆಗೆಯುವವರ ಹಾಗೆ ಅಂಗಳಕ್ಕೆ ಇಳಿದರು.

ನನಗೆ ಮಾತ್ರ ಆ ಅಕ್ಕಿಯದೇ ಚಿಂತೆ. ದೇವಸ್ಥಾನಕ್ಕೆ ಅಕ್ಕಿ ಕೊಡುವವರು ಯಾರ್ಯಾರೋ. ಮಾಲ್‌ನಿಂದ ತಂದ ಪೊಟ್ಟಣ, ಯಾರದೋ ಅಟ್ಟದಲ್ಲಿ ಹುಳ ಬಾರದ ಹಾಗೆ ಗುಳಿಗೆ ಹಾಕಿಟ್ಟ ಮೂಟೆ, ಎಲ್ಲವೂ ಉಗ್ರಾಣದ ನೀಲಿ ಡ್ರಮ್ಮಿಗೆ. ನಾನು ಇಡೀ ಊರು ಸುತ್ತಿ ವಿಷವಿಲ್ಲದ್ದು ತಂದರೆ ಅಮ್ಮ ಮುಟ್ಟುವುದಿಲ್ಲ. ಎಲ್ಲಿಯದೆಂದು ಗೊತ್ತಿಲ್ಲದ ಅಕ್ಕಿ ಅವಳ ಹೊಟ್ಟೆಗೆ ಹೋಗುತ್ತದೆ.

"ಅದರಲ್ಲಿ ಎಂತೆಂತ ಉಂಟೋ ಅಪ್ಪ" ಎಂದೆ.

"ದೇವರಿಗೆ ಬಂದದ್ದರ ಲೇಬಲ್ ಓದ್ಲಿಕ್ಕೆ ಆಗ್ತದಾ?" ಎಂದರು.

ಆ ಅನ್ನಕ್ಕೇ ವಿಷವಿಲ್ಲದ ಅಕ್ಕಿ ಹುಡುಕತೊಡಗಿದೆ. ಸಾವಯವ ಅಂಗಡಿಗಳಲ್ಲಿ ಕುಚ್ಚಲಕ್ಕಿ ಬೇಕಾದಷ್ಟು ಸಿಗುತ್ತದೆ, ಆದರೆ ನೈವೇದ್ಯಕ್ಕೆ ಅದು ಆಗುವುದಿಲ್ಲ. ಬೇಯಿಸಿ ಒಣಗಿಸಿದ ಅಕ್ಕಿಯನ್ನು ದೇವರಿಗೆ ಇಡುವ ಪದ್ಧತಿಯಿಲ್ಲ, ಬೆಳ್ತಿಗೆಯೇ ಬೇಕು. ಅದು ಆ ಅಂಗಡಿಗಳಲ್ಲಿ ಸಿಗಲಿಲ್ಲ. ಸಂತೆಯಲ್ಲಿ ಒಬ್ಬ ಮುದುಕರು ಮನೆಗೆಂದು ಬೆಳೆದದ್ದರಲ್ಲಿ ಸ್ವಲ್ಪ ಕೊಡಲು ಒಪ್ಪಿ ಮುಂದಿನ ಭಾನುವಾರ ಬಟ್ಟೆಯ ಚೀಲದಲ್ಲಿ ತಂದರು. ಸ್ವಲ್ಪ ಹಳದಿ, ಅಲ್ಲಲ್ಲಿ ಭತ್ತ. ನಾನು ಅದನ್ನು ಮೊದಲು ಮನೆಯಲ್ಲೇ, ಅಂಥದ್ದೇ ತಪಲೆಯಲ್ಲಿ, ಉಪ್ಪು ಹಾಕದೆ ಬೇಯಿಸಿದೆ. ತುಳಸಿ ಎಲೆಯನ್ನೂ ಇಟ್ಟೆ. ಅಮ್ಮ ಒಂದು ತುತ್ತು ಬಾಯಲ್ಲಿಟ್ಟು ತುಂಬ ಹೊತ್ತು ಹಾಗೇ ಕೂತಳು. ಆಮೇಲೆ ಸೆರಗಿಗೆ ಉಗುಳಿ, "ಇದು ಅದಲ್ಲ" ಎಂದಳು. ನನಗೆ ಬೇಸರವಾಗುತ್ತದೆಂದು ಅವಳ ಕಣ್ಣಲ್ಲಿ ನೀರು.

ಹಾಗಾದರೆ ದೇವಸ್ಥಾನದ ಒಲೆಯ ಮೇಲೇ ಈ ಅಕ್ಕಿ ಬೇಯಲಿ ಎಂದು ತೀರ್ಮಾನಿಸಿದೆ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಆಫೀಸಿಗೆ ಹೋಗುವ ಮೊದಲು ಚೀಲ ಹಿಡಿದು ಉಗ್ರಾಣದ ಬಾಗಿಲಲ್ಲಿ ನಿಂತೆ. ಅಪ್ಪ ಮಡಿಯಲ್ಲಿದ್ದರು.

"ಅಲ್ಲೇ ಇಡು, ನನ್ನನ್ನು ಮುಟ್ಟಬೇಡ."

"ಇದನ್ನು ಬೇರೆ ಇಡಿ ಅಪ್ಪ. ಇವತ್ತಿಂದ ನೈವೇದ್ಯಕ್ಕೆ ಇದನ್ನೇ ಹಾಕಿ."

ಅವರು ಚೀಲ ನೋಡಿದರು, ನನ್ನನ್ನು ನೋಡಿದರು. "ದೇವರಿಗೆ ತಂದದ್ದಾ, ಅಮ್ಮನಿಗೆ ತಂದದ್ದಾ?"

ನಾನು ಚೀಲವನ್ನು ಹೊಸ್ತಿಲ ಬಳಿ ಇಟ್ಟೆ.

"ಅವಳಿಗೆ ಅಂತ ಎತ್ತಿಟ್ಟದ್ದನ್ನು ದೇವರ ಎದುರು ಇಡ್ಲಿಕ್ಕೆ ಆಗುದಿಲ್ಲ ಮಗಾ. ಅವಳಿಗಾದರೆ ಮನೆಗೆ ಕೊಂಡುಹೋಗು."

"ದೇವರಿಗೆ" ಎಂದೆ.

ಅಪ್ಪ ಚೀಲದ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡರು. ಗಂಟು ಬಿಚ್ಚಿ ಡ್ರಮ್ಮಿಗೆ ಸುರಿದರು. ನನ್ನ ಅಕ್ಕಿ ಒಂದು ಕ್ಷಣ ಬಿಳಿಯ ಮೇಲೆ ಹಳದಿ ಗುಪ್ಪೆಯಾಗಿ ನಿಂತಿತು. ಯಾರು ತಂದ ಅಕ್ಕಿಗೂ ಮಾಡುವ ಹಾಗೆ ಅಪ್ಪ ಅಂಗೈಯಿಂದ ಅದನ್ನು ಹರಡಿ ಸಮ ಮಾಡಿದರು. ಅವರ ಕೈ ಹಿಡಿದು ನಿಲ್ಲಿಸಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ, ಆದರೆ ಮುಟ್ಟುವ ಹಾಗಿರಲಿಲ್ಲ. ಅವರು ತಲೆ ಎತ್ತದೆ, "ಅವಳು ನನ್ನ ಹೆಂಡತಿಯೂ ಹೌದು ಮಾರಾಯ್ತಿ" ಎಂದರು. ಡ್ರಮ್ಮಿನೊಳಗೆ ಅವರ ಕೈ ಇನ್ನೂ ಆಡುತ್ತಿತ್ತು, ಸಮ ಮಾಡಲು ಏನೂ ಉಳಿದಿರಲಿಲ್ಲ.

ಆ ದಿನ ನೈವೇದ್ಯಕ್ಕೆ ಅಳೆಯುವಾಗ ಮೇಲಿನಿಂದ ತೆಗೆದರೋ, ಕೈ ಇಳಿಸಿ ಅಡಿಯ ಹಳೆಯದನ್ನು ಎತ್ತಿದರೋ, ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಅಮ್ಮ ಎರಡು ತುತ್ತು ಉಂಡಳಂತೆ. ಶನಿವಾರ ಅದೂ ಇಲ್ಲ. ತಪಲೆಯ ಮುಚ್ಚಳ ತೆಗೆದಾಗಲೇ ಮುಖ ತಿರುಗಿಸಿದಳು. ಅಪ್ಪ ಆ ಅನ್ನವನ್ನು ತಾವೇ ಮಜ್ಜಿಗೆ ಹಾಕಿ ಉಂಡರು.

ಮಂಗಳವಾರ ಆಸ್ಪತ್ರೆಯಲ್ಲಿ ಅಮ್ಮ ಚಪ್ಪಲಿ ಹಾಕಿಕೊಂಡೇ ತೂಕದ ಯಂತ್ರ ಹತ್ತಲು ನೋಡಿದಳು. ನರ್ಸ್ ನಗುತ್ತಾ, "ಚಪ್ಪಲಿ ತೆಗೀರಿ ಅಮ್ಮ, ಬ್ಯಾಗೂ ಕೊಡಿ" ಎಂದು ಇಸಿದುಕೊಂಡರು. ತೂಕ ಇಳಿದಿತ್ತು. ಡೋಸ್ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಎಂದು ಡಾಕ್ಟರು ಹೇಳಲಿಲ್ಲ. "ಊಟ ಮಾಡಿಸಿ, ನೋಡುವ" ಎಂದರು.

ಬರುವಾಗ ಪಂಪ್‌ವೆಲ್‌ನಲ್ಲಿ ಬಸ್ಸುಗಳ ನಡುವೆ ನಮ್ಮ ಆಟೋ ಸಿಕ್ಕಿಹಾಕಿಕೊಂಡಿತು. ನನ್ನ ಭುಜಕ್ಕೆ ಒರಗಿದ್ದ ಅಮ್ಮ ಕಣ್ಣು ತೆರೆದು, "ಅಗೋ, ಅಲ್ಲೊಂದು ಹೊಸ ಬೋರ್ಡ್. ಸಾವಯವ ಅಂತ ಉಂಟು" ಎಂದಳು.

"ಇವತ್ತು ಬೇಡ ಅಮ್ಮ."

"ಹೋಗು ಮಗಾ. ನಾನು ಇಲ್ಲೇ ಕೂತಿರ್ತೇನೆ. ನಿನಗೆ ನೋಡಿದ ಹಾಗೂ ಆಗ್ತದೆ."

ಡ್ರೈವರ್ ಆಟೋವನ್ನು ಬದಿಗೆ ತೆಗೆದ. ಇಳಿದು ಹೋದೆ. ಬಣ್ಣದ ವಾಸನೆ ಇನ್ನೂ ಆರದ ಅಂಗಡಿ. ಬೆಳ್ತಿಗೆ ಉಂಟಾ ಎಂದು ಕೇಳಿದ್ದು ಅಭ್ಯಾಸಬಲದಿಂದ.

"ಉಂಟು. ಎಷ್ಟು ಬೇಕು?" ಎಂದ ಅಂಗಡಿಯವನು, ಕಾಗದದ ಚೀಲ ಬಿಡಿಸುತ್ತಾ.

ಹೊರಗೆ ಅಮ್ಮ ಬಸ್ಸಿನ ಹೊಗೆಗೆ ಸೆರಗನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಳು.

"ಎಷ್ಟು ಹಾಕ್ಲಿ?" ಅವನು ಮತ್ತೆ ಕೇಳಿದ.