ಸಾಲು ತಪ್ಪಿಸುವ ಬಟನ್

ಹಳೇಕೋಟೆ ಹೋಬಳಿಯ ಆ ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಜನಕ್ಕಿಂತ ಮೊದಲು ಕ್ಯಾನುಗಳು ಸಾಲು ನಿಲ್ಲುತ್ತವೆ. ಕ್ಯಾನು ಇಟ್ಟವರು ಹಸುವಿಗೆ ಹುಲ್ಲು ಹಾಕಲು ಮನೆಗೆ ಹೋಗಿಬರಬಹುದು; ಅವರ ಪರವಾಗಿ ಕ್ಯಾನು ಕಾಯುತ್ತದೆ. ಸಣ್ಣಕ್ಕನ ಕ್ಯಾನು ಮಾತ್ರ ಎಷ್ಟು ಬೇಗ ಬಂದರೂ ಕೊನೆಗೆ ಸರಿದಿರುತ್ತಿತ್ತು. ಸರಿಸಿದ್ದು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಕೇರಿಯವರ ಕ್ಯಾನು ಹಾಗೇ ಎಂದು ಊರು ಒಪ್ಪಿಕೊಂಡಿತ್ತು.

ಸಣ್ಣಕ್ಕನ ಮಗಳು ಯಶೋಧರಾ ಒಪ್ಪಲಿಲ್ಲ. ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಹೊಳೆನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು, ಡೈರಿಯ ಕಾರ್ಯದರ್ಶಿ ರೇವಮ್ಮ ಕೇಳಿದ್ದರಿಂದ ಸರದಿಗೊಂದು ಪ್ರೋಗ್ರಾಂ ಬರೆದಳು. ಕ್ಯಾನು ಇಟ್ಟ ಕೂಡಲೇ ಸದಸ್ಯರ ನಂಬರ್ ಒತ್ತಿದರೆ ಹೆಸರು ಸಾಲಿಗೆ ಸೇರುತ್ತದೆ. ಆ ಕ್ರಮದಲ್ಲೇ ಹಾಲು ಅಳೆಯಬೇಕು.

ಮೊದಲ ದಿನ ಸೋತಳು. ತನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅಂದವಾಗಿದ್ದದ್ದು ಡೈರಿಯ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಯಿತು. ಹೆಸರುಗಳು ಅರ್ಧಕ್ಕೇ ತುಂಡಾದವು.

“ನಿನ್ ಪ್ರೋಗ್ರಾಮು ನನ್ನೆಸ್ರ ಬಾಲಾನೇ ನುಂಗ್ಬುಡ್ತಲ್ಲವ್ವ,” ಎಂದ ಮುದುಕ ಪಾಪಯ್ಯ.

ತಪ್ಪು ಅವಳದೇ. ಅವಳು ಬಳಸಿದ್ದ, ಸ್ಕ್ರೀನಿನ ಹೆಸರು-ಬಟನ್ನುಗಳನ್ನು ಜೋಡಿಸಿಕೊಡುವ ಕ್ಯೂಟಿ ಎಂಬ ಟೂಲ್‌ಕಿಟ್ಟಿನಲ್ಲಿ ಒಮ್ಮೆ ಬರೆದದ್ದು ಎರಡೂ ಬಗೆಯ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ಅವಳು ಪ್ರತಿ ಹೆಸರನ್ನೂ ಬಟನ್ನನ್ನೂ ಅಳತೆಯಿಟ್ಟು ತನ್ನ ಸ್ಕ್ರೀನಿಗೇ ಮೊಳೆ ಹೊಡೆದಿದ್ದಳು. ಯಾರ ನಂತರ ಯಾರು ಎಂದಷ್ಟೇ ಹೇಳಿದರೆ ಸಾಕಿತ್ತು. ಇರುವ ಜಾಗವನ್ನು ಹಂಚಿಕೊಡುವುದು ಟೂಲ್‌ಕಿಟ್ಟಿನ ಕೆಲಸ. ಅಳತೆಗಳನ್ನೆಲ್ಲ ಅಳಿಸಿ ಮತ್ತೆ ಬರೆದಳು. ಹೆಸರುಗಳು ಇಡಿಯಾಗಿ ನಿಂತವು. ಐದನೆಯ ಬೆಳಿಗ್ಗೆ ಸಣ್ಣಕ್ಕ ಎಲ್ಲರಿಗಿಂತ ಮೊದಲು ಹಾಲು ಹಾಕಿದಳು.

ಅಂದೇ ಡೈರಿಯ ಅಧ್ಯಕ್ಷ ಕಾಂತರಾಜು ಯಶೋಧರಾಳನ್ನು ಕರೆಸಿದ.

“ಎಲ್ಲಾ ಚೆಂದಾಗೈತೆ ಕಣಮ್ಮ. ಎಸ್ರು ಮೇಲಕ್ಕೆತ್ತಕ್ಕೆ ಒಂದು ಬಟನ್ ಮಡಗ್ಬುಡು.”

“ಯಾರ ಎಸ್ರಣ್ಣ?”

“ಬೇಕಾದೋರ್ದು.”

“ಬ್ಯಾಡ್ದೋರು ಯಾರ‍್ಯಾರು ಅಂತ ಬರ್ಕೊಡಿ. ಗ್ವಾಡೆಗೂ ಅಂಟಿಸ್ತೀನಿ.”

ಕಾಂತರಾಜು ನಗಲಿಲ್ಲ. “ಬಟನ್ ಇಲ್ದಿದ್ರೆ ನಿನ್ ಪ್ರೋಗ್ರಾಮೂ ಇಲ್ಲ.”

“ಬಟನ್ ಇಲ್ಲ,” ಎಂದಳು.

ಮರುದಿನ ಡೈರಿಯಲ್ಲಿ ಕಂಪ್ಯೂಟರೇ ಇರಲಿಲ್ಲ. ರಿಪೇರಿಗೆ ಹೋಗಿದೆಯಂತೆ. ಸಣ್ಣಕ್ಕನ ಕ್ಯಾನು ಮತ್ತೆ ಕೊನೆಯಲ್ಲಿತ್ತು.

“ಬುಡು ಮಗಾ, ಕೊನೇಗಾದ್ರೂ ಹಾಲು ಅಳ್ದ್ಕತಾರಲ್ಲ,” ಎಂದಳು ಸಣ್ಣಕ್ಕ.

“ಅಂಗಂದೇ ಇಲ್ಲೀಗಂಟ ಬಂದಿರೋದು ಕಣವ್ವ.”

ಅದರ ಮರುದಿನ ಬಾಗಿಲು ತೆರೆಯುವ ಮೊದಲೇ ಅವ್ವನ ಕ್ಯಾನಿನ ಜೊತೆ ತನ್ನ ಲ್ಯಾಪ್‌ಟಾಪ್ ತಂದಳು. ಪಶು ಆಹಾರದ ಮೂಟೆಯ ಮೇಲಿಟ್ಟು ತೆರೆದಳು. ಒಂದಕ್ಷರವನ್ನೂ ಬದಲಿಸದೆ ಅದೇ ಪ್ರೋಗ್ರಾಂ ಎದ್ದು ನಿಂತಿತು. ಒಂದೊಂದು ಕ್ಯಾನು ಬಂದಾಗಲೂ ರೇವಮ್ಮ ನಂಬರ್ ಒತ್ತಿದರು.

ಕಾಂತರಾಜು ಬಂದವನೇ, “ಆ ಲ್ಯಾಪ್‌ಟಾಪು ಡೈರೀದಲ್ಲ,” ಎಂದ.

“ಸಾಲು ಡೈರೀದು,” ಎಂದಳು ಯಶೋಧರಾ.

ಪಾಪಯ್ಯ ಸ್ಕ್ರೀನಿಗೆ ಮುಖವಿಟ್ಟು ನೋಡಿ ಬೆನ್ನು ನೇರಮಾಡಿದ. “ನಂದು ಎರಡ್ನೇದು ಕಣಪ್ಪ. ಎಸ್ರು ಪೂರ್ತಿ ಐತೆ. ಮೊದಲ್ನೇದು ಆಗ್ದೆ ನಂದು ಆಗಕ್ಕಿಲ್ಲ. ಕರೀರವ್ವ.”

ರೇವಮ್ಮ ಅಧ್ಯಕ್ಷನ ಕಡೆ ನೋಡದೆ ಕರೆದರು, “ಸಣ್ಣಕ್ಕ.”

ಕಾಂತರಾಜುವಿನ ಕ್ಯಾನು ಒಂಬತ್ತನೆಯದು. ಅವನು ಕಾದ.