ದಾರಿಯ ಮೇಲಿನ ಕಡಲೆ

ಬಸವಕಲ್ಯಾಣದಲ್ಲಿ ಬೆಳೆದ ನಾನು ಮದುವೆಯಾಗಿ ಹುಮನಾಬಾದ್ ಹತ್ತಿರದ ಈ ಊರಿಗೆ ಬಂದೆ. ನಮ್ಮ ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡಿದೆ. ಅದರ ಹಿಂದಿನದು ಬೇರೊಬ್ಬರ ಹೊಲ. ಅವರು ರಸ್ತೆಗೆ ಬರಬೇಕೆಂದರೆ ನಮ್ಮ ಬದುವಿನ ಪಕ್ಕದ ಗಾಡಿದಾರಿಯೇ ಗತಿ. ನಮಗೆ ಬಾವಿಯಿಲ್ಲ, ಅವರ ಬಾವಿಯ ನೀರೇ ಗತಿ. ಹೀಗೇ ನಡೆದುಕೊಂಡು ಬಂದಿತ್ತು.

ಹೋದ ವರ್ಷ ಹೊಲ ಅಳೆಸಿದಾಗ ಆ ದಾರಿಯೂ ನಮ್ಮದೇ ಎಂದಾಯಿತು. ಮಾವನವರು ಯಾರನ್ನೂ ಕೇಳದೆ ದಾರಿಯನ್ನೂ ಉಳುಮೆ ಮಾಡಿಸಿ ಕಡಲೆ ಬಿತ್ತಿಸಿದರು. ಅವರ ಕಬ್ಬು ಹೇಗೆ ಹೊರಬರಬೇಕೆಂದು ನನ್ನ ಗಂಡ ಒಮ್ಮೆ ಕೇಳಿ, ಬೈಸಿಕೊಂಡು ಸುಮ್ಮನಾದರು.

ಇನ್ನು ನಮಗೆ ನೀರು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಸರದಿಯ ದಿನ ನೀರು ಎಂದಿನಂತೆ ಬಂತು. ದಾರಿಯ ಮೇಲಿನ ಕಡಲೆ ಸಾಲುಗಳಿಗೂ ಹರಿಯಿತು. ನನಗೆ ತಡೆಯಲಾಗಲಿಲ್ಲ. ಬಾವಿಯ ಹತ್ತಿರ ಹೋಗಿ, ಆ ಮನೆಯ ಹೆಣ್ಣುಮಗಳನ್ನು ಯಾಕಕ್ಕಾ ನೀರು ಬಿಟ್ಟಿರಿ ಎಂದು ಕೇಳಿದೆ.

"ನಿಂತ ಬೆಳಿ ಒಣಗಿಸಿದ್ರ ನಮಗೇನ್ ಸಿಗ್ತದ ತಂಗಿ?" ಎಂದಳು ಅಕ್ಕ. ತಲೆ ತಗ್ಗಿಸಿಕೊಂಡು ಬಂದೆ.

ಅವರ ಕಬ್ಬು ಕಡಿಯಲು ಕೂಲಿಯವರು ಬಂದರು. ಕಾರ್ಖಾನೆಯ ಟ್ರ್ಯಾಕ್ಟರ್ ರಸ್ತೆಯ ಮೇಲೇ ನಿಂತುಬಿಟ್ಟಿತು. ಕಡಿದ ಕಬ್ಬು ಬಿಸಿಲಿಗೆ ಒಣಗತೊಡಗಿತು. ಕೊನೆಗೆ ಅವರೆಲ್ಲ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಕಡಲೆ ತುಳಿಯದಂತೆ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಅಕ್ಕನೂ ಹೊತ್ತಳು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನಮ್ಮ ಹೊಲದ ಕಡೆ ನೋಡುತ್ತಿದ್ದರು.

ನಾನು ಸೆರಗು ಸಿಕ್ಕಿಸಿ ದಾರಿಯ ಮೇಲಿನ ಕಡಲೆ ಕೀಳತೊಡಗಿದೆ. ಗಿಡದ ತುಂಬ ಎಳೆಗಾಯಿ. ಮಾವನವರು ಬಂದು ನಿಂತರು.

"ಏನ್ ಮಾಡಾಕತ್ತೀ?"

"ದಾರಿ ಬಿಡಾಕತ್ತೇನ್ರಿ ಮಾವಾ."

ಅವರು ಮಗನ ಮುಖ ನೋಡಿದರು. ನನ್ನ ಗಂಡ ಬಂದು ಪಕ್ಕದ ಸಾಲಿಗೆ ಬಗ್ಗಿದರು. ಮಾವನವರು ಮನೆಗೆ ಹೋದರು. ಮಧ್ಯಾಹ್ನ ಟ್ರ್ಯಾಕ್ಟರ್ ಒಳಗೆ ಹೋಯಿತು.

ಈ ವರ್ಷ ದಾರಿಯ ಮೇಲೆ ಯಾರೂ ಬಿತ್ತಲಿಲ್ಲ. ಆದರೂ ಕಬ್ಬು ಕಡಿಯುವ ಮೊದಲು ಅಕ್ಕನ ಮಾವ ನಮ್ಮ ಮನೆಗೆ ಬಂದರು. ಮೊದಲೆಲ್ಲ ಹೇಳುವ ಕೇಳುವ ಮಾತೇ ಇರಲಿಲ್ಲ, ಗಾಡಿ ತಂದು ಒಯ್ಯುತ್ತಿದ್ದರು. ಈಗ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತು, ನಮ್ಮ ಮಾವನವರಿಗಿಂತ ವಯಸ್ಸಾದ ಆ ಮನುಷ್ಯ ಕೇಳಿದರು: "ನಾಳಿ ಗಾಡಿ ತರ್ಲೇನ್ರಿ?"

ಮಾವನವರು ಗೋಡೆ ನೋಡುತ್ತ ತರ್ರಿ ಎಂದರು.

ಚಹಾ ಮಾಡಿದ್ದೆ. ಕೊಡಲು ಹೊರಗೆ ಹೋಗಲು ಮನಸ್ಸಾಗದೆ ಗಂಡನ ಕೈಯಲ್ಲಿ ಕಳಿಸಿದೆ.